ಎಂಟನೇ ಹಾಡಿನ ಉಸಿರು

"ಇನ್ನೊಂದ್ಸಲ ಹಾಕಿ," ಎಂದರು ದರ್ಜಿ ಅಕ್ಕ.

ಹಾಕಿದೆ. ಇದು ಆರನೇ ಸಲ. ಹೊಲಿಗೆ ಯಂತ್ರದ ಮೇಲೆ ನನ್ನ ಫೋನು, ಪಕ್ಕದಲ್ಲಿ ಸೀಮೆಸುಣ್ಣ, ಕತ್ತರಿ, ಅರ್ಧ ಹೊಲಿದ ಯಾವುದೋ ಶಾಲೆಯ ಸಮವಸ್ತ್ರ. ಆ ಪುಟ್ಟ ಅಂಗಡಿಯ ತುಂಬ ಡ್ರಮ್ಮುಗಳು ಬಡಿದುಕೊಂಡವು, ಗಿಟಾರು ಕರ್ ಎಂದಿತು, ಒಬ್ಬ ಮನುಷ್ಯ ನೆಲದಡಿಯಿಂದ ಗುರುಗುಟ್ಟತೊಡಗಿದ. ಎದುರಿನ ಬೀಗ ರಿಪೇರಿಯವನು ಹೊರಗೆ ಬಂದು ನಮ್ಮತ್ತ ನೋಡಿ, ಹಣೆ ಚಚ್ಚಿಕೊಂಡು ಒಳಗೆ ಹೋದ. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಇಪ್ಪತ್ತೊಂಬತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದು ಈಗ ಖಾಸಗಿಯಾಗಿ ಪತ್ತೇದಾರಿ ಮಾಡುವ ನನಗೂ, ಇದನ್ನು ಸಂಗೀತವೆಂದು ಒಪ್ಪಿಕೊಳ್ಳಲು ಹದಿನೈದು ದಿನ ಹಿಡಿದಿತ್ತು.

ಹಾಡುತ್ತಿದ್ದವನು ಅಕ್ಕನ ತಮ್ಮ. ಜನರ ಬಾಯಲ್ಲಿ ಅವನು ಗೂಬೆ. ಮೂವತ್ತೊಂದು ವರ್ಷದಿಂದ ಮುಖಕ್ಕೆ ಬಿಳಿ ಬಳಿದು, ಕಣ್ಣಿನ ಸುತ್ತ ಮಸಿ ಹಚ್ಚಿ, ಹಿಮ್ಮಡಿ ಮುಟ್ಟುವ ಕಪ್ಪು ಕೋಟು ತೊಟ್ಟು, ಗೋರಿ, ಪಾಳುಗೋಪುರ, ಆರಿದ ದೀಪ ಎಂದು ಗಂಟಲು ಹರಿದುಕೊಳ್ಳುವ ಗಾಥಿಕ್ ಬ್ಲ್ಯಾಕ್ ಮೆಟಲ್ ತಂಡದ ಮುಂದಾಳು. ಹದಿನೆಂಟು ದಿನದ ಹಿಂದೆ ಕಾಣೆಯಾದ. ಮೊನ್ನೆ ಊರಾಚೆಯ ಜಲಾಶಯದಲ್ಲಿ ಅವನ ಕೋಟು ತೊಟ್ಟ ಶವ ತೇಲಿತು. ಮುಖ ಗುರುತು ಹಿಡಿಯುವ ಹಾಗಿರಲಿಲ್ಲ.

ಇವತ್ತು ನಾಲ್ಕು ಗಂಟೆಗೆ ಅಕ್ಕ ಶವಾಗಾರಕ್ಕೆ ಹೋಗಬೇಕು. ಇದು ನನ್ನ ತಮ್ಮನೇ ಎಂದು ಅವರು ಸಹಿ ಹಾಕಿದರೆ ಶವ ನೇರವಾಗಿ ವಿದ್ಯುತ್ ಚಿತಾಗಾರಕ್ಕೆ ಹೋಗುತ್ತದೆ, ಕೇಸು ಮುಚ್ಚುತ್ತದೆ. ನಾಡಿದ್ದು ತಂಡದ ಒಂಬತ್ತನೇ ಆಲ್ಬಮ್ 'ಬೂದಿಯ ಗಡಿಯಾರ' ಬಿಡುಗಡೆ. ಸತ್ತವನ ಕೊನೆಯ ದನಿ ಎಂದು ಊರೆಲ್ಲ ಈಗಾಗಲೇ ಗುಸುಗುಸು. ಅದರ ಎಂಟೂ ಹಾಡನ್ನು ನಿನ್ನೆ ತಂಡದವರಿಂದ ನನ್ನ ಫೋನಿಗೆ ಹಾಕಿಸಿಕೊಂಡಿದ್ದೆ.

"ನಿಲ್ಲಿಸಿ!" ಅಕ್ಕ ಕೈ ಎತ್ತಿದರು. "ಇಲ್ಲಿ. ಸಾಲು ಶುರುವಾಗೋಕೆ ಮುಂಚೆ. ಕೇಳಿಸ್ತಾ?"

"ಏನು?"

"ಏನೂ ಇಲ್ಲ. ಅದೇ ನಾನು ಹೇಳ್ತಿರೋದು, ಏನೂ ಇಲ್ಲ."

ನನಗಿಂತ ಎರಡು ವರ್ಷಕ್ಕೆ ಚಿಕ್ಕವರು, ಆದರೂ ಇಡೀ ಬೀದಿಗೆ ಅಕ್ಕ, ನನಗೂ ಅಕ್ಕ. ತಂಡದ ಐವರ ಕೋಟುಗಳನ್ನೂ ಮೊದಲ ದಿನದಿಂದ ಹೊಲಿದವರು ಇವರೇ. ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಅವರು ಫೋನನ್ನು ತಮ್ಮ ಕಡೆ ಎಳೆದುಕೊಂಡರು. ಮೊದಲನೇ ಹಾಡು ಹಾಕಿದರು.

"ಈಗ ಕೇಳಿ. ಗುರ್ ಅನ್ನೋಕೆ ಮುಂಚೆ ಉಸಿರು ಎಳ್ಕೋತಾನಲ್ಲ, ಅದನ್ನ."

ಕಿವಿಗೊಟ್ಟೆ. ಡ್ರಮ್ಮು ಒಂದು ಕ್ಷಣ ಸುಮ್ಮನಾಗುವ ಕಡೆ, ಸಣ್ಣಗೆ, ಕಿಟಕಿಯ ಸಂದಿನಲ್ಲಿ ಗಾಳಿ ನುಗ್ಗಿದಂತೆ ಒಂದು ಸಿಳ್ಳೆ. ಎರಡನೇ ಹಾಡಿನಲ್ಲೂ ಇತ್ತು. ಮೂರು, ನಾಲ್ಕು, ಏಳರವರೆಗೂ ಪ್ರತಿ ಸಾಲಿನ ಮುಂದೆ ಅದೇ ಸಿಳ್ಳೆ. ಎಂಟನೆಯದರಲ್ಲಿ ಉಸಿರು ಇತ್ತು, ಸಿಳ್ಳೆ ಇರಲಿಲ್ಲ.

"ಅವನ ಮೂಗು ಡೊಂಕು," ಎಂದರು ಅಕ್ಕ. "ಹನ್ನೊಂದು ವರ್ಷದವನಿದ್ದ. ಸಿಟ್ಟಲ್ಲಿ ನಾನು ದಢಾರ್ ಅಂತ ಬಾಗಿಲು ಹಾಕಿದೆ, ಹಿಂದೆ ಅವನಿದ್ದ. ಅವತ್ತಿಂದ ಅವನು ಉಸಿರೆಳೆದ್ರೆ ಸಿಳ್ಳೆ. ಅಪ್ಪ ಅಮ್ಮ ಹೋದ ಮೇಲೆ ಹತ್ತು ವರ್ಷ ಒಂದೇ ಕೋಣೇಲಿ ಮಲಗಿದೀವಿ. ಆ ಸಿಳ್ಳೆ ಕೇಳಿಸ್ದೆ ಇದ್ರೆ ನನಗೆ ನಿದ್ದೆ ಬರ್ತಿರಲಿಲ್ಲ."

ಬೇರೆ ಯಾವ ತಂಡವಾದರೂ ಈ ಉಸಿರು ನಮಗೆ ಸಿಗುತ್ತಿರಲಿಲ್ಲ. ಧ್ವನಿಮುದ್ರಣ ಮಾಡುವವರು ಸಾಲುಗಳ ನಡುವಿನ ಉಸಿರನ್ನೆಲ್ಲ ಕತ್ತರಿಸಿ ಬಿಸಾಡುತ್ತಾರೆ. ಈ ತಂಡದವರು ಮಾತ್ರ ಬಿಡರು. ಉಸಿರು ತೆಗೆದರೆ ಹೆಣದ ಹಾಡಾಗುತ್ತದೆ ಎಂಬುದು ಗೂಬೆಯ ಹಟ. ಮೊದಲ ಆಲ್ಬಮ್ಮಿನಿಂದಲೂ ಅದೇ ನಿಯಮ. ಬಾಯಿಂದ ಎಳೆದರೆ ಗಂಟಲು ಒಣಗುತ್ತದೆಂದು ಅವನು ಮೂಗಿನಿಂದಲೇ ಎಳೆಯುತ್ತಿದ್ದನಂತೆ.

"ಇದು ನನ್ನ ತಮ್ಮನ ಉಸಿರಲ್ಲ," ಎಂದು ಅಕ್ಕ ಫೋನನ್ನು ನನ್ನತ್ತ ತಳ್ಳಿದರು.

ಎಂಟು ಹಾಡುಗಳನ್ನೂ ಗೂಬೆ ಹಾಡಿ ಮುಗಿಸಿಯೇ ಕಾಣೆಯಾದ ಎಂದು ತಂಡದ ಗಿಟಾರಿನವನು ನಿನ್ನೆ ನನ್ನೆದುರು ಹೇಳಿದ್ದ, ಆಣೆ ಮಾಡುವುದೊಂದು ಬಾಕಿ ಇತ್ತು. ಗುರುಗುಟ್ಟುವ ದನಿಯನ್ನು ಅಣಕಿಸಬಹುದು. ಉಸಿರಿನಲ್ಲಿ ಯಾರೂ ಎಚ್ಚರಿಕೆ ಇಟ್ಟುಕೊಳ್ಳುವುದಿಲ್ಲ.

"ಅಕ್ಕಾ, ಆ ಕೋಟಿನ ವಿಷಯ ಇನ್ನೊಂದ್ಸಲ ಹೇಳಿ."

"ಎಷ್ಟು ಸಲ ಹೇಳ್ಲಿ? ಬೆನ್ನ ಮೇಲೆ ಹನ್ನೊಂದು ಕೊಕ್ಕೆ. ಸ್ವಂತ ಕೈಯಲ್ಲಿ ಹಾಕ್ಕೊಳೋಕೆ ಆಗಲ್ಲ. ಸ್ಟೇಜ್ ಹತ್ತೋಕೆ ಮುಂಚೆ ಒಬ್ಬರಿಗೊಬ್ಬರು ಹಾಕ್ಕೊಡ್ತಾರೆ. ನೀರಿಂದ ತೆಗೆದಾಗ ಹನ್ನೊಂದೂ ಹಾಕಿತ್ತಂತೆ. ಸಾಯೋಕೆ ಒಬ್ಬನೇ ಹೋದವನ ಬೆನ್ನಿಗೆ ಕೊಕ್ಕೆ ಹಾಕಿದ್ದು ಯಾರು?"

ಇದನ್ನೇ ನಾನು ಇನ್ಸ್‌ಪೆಕ್ಟರಿಗೆ ಹೇಳಿದ್ದೆ. ಅವನು ಒಂದು ಕಾಲಕ್ಕೆ ನನ್ನ ಕೈಕೆಳಗೆ ಪಳಗಿದವನು. ಈಗಲೂ ಮೇಡಂ ಎನ್ನುತ್ತಾನೆ, ಈಗಲೂ ಅವಸರ ಬಿಟ್ಟಿಲ್ಲ. "ಮೇಡಂ, ಕೋಟು ಅವನದು, ಉಂಗುರ ಅವನದು, ಎತ್ತರ ಸರಿಯಾಗಿದೆ. ಡಿಎನ್‌ಎ ಅಂದ್ರೆ ಆರು ವಾರ. ಒಡಹುಟ್ಟಿದವರು ಗುರುತಿಸಿದ್ರೆ ಅದ್ಯಾಕೆ ಬೇಕು?" ಎಂದು ಕೈ ತೊಳೆದುಕೊಂಡಿದ್ದ.

"ನಾನು ಬರೋವರೆಗೂ ಸಹಿ ಹಾಕ್ಬೇಡಿ," ಎಂದು ನಾನು ಎದ್ದೆ.

"ಹಾಕಲ್ಲ." ಅಕ್ಕ ಸಮವಸ್ತ್ರವನ್ನು ಎತ್ತಿಕೊಂಡರು, ಹಾಗೇ ಕೆಳಗಿಟ್ಟರು. ಕೈ ನಡುಗುತ್ತಿತ್ತು. "ಅವನು ಇದಾನೋ ಇಲ್ವೋ, ಅಷ್ಟು ಹೇಳಿ. ಬೇರೆ ಏನೂ ಬೇಡ ನನಗೆ. ಇಲ್ಲ ಅಂದ್ರೂ ತಡ್ಕೋತೀನಿ, ಹೀಗೆ ಮಧ್ಯದಲ್ಲಿ ನೇತಾಡೋದು ತಡ್ಕೊಳೋಕೆ ಆಗ್ತಿಲ್ಲ."

ಆಗ ಒಂದೂವರೆ.

*

ಸ್ಟುಡಿಯೋ ಇರುವುದು ಟೈರ್ ಗೋದಾಮಿನ ನೆಲಮಾಳಿಗೆಯಲ್ಲಿ. ಹದಿನಾರು ಮೆಟ್ಟಿಲು. ನನ್ನ ಮಂಡಿಗಳು ಒಂದೊಂದನ್ನೂ ಎಣಿಸಿದವು. ಗೋಡೆಗೆ ಕಪ್ಪು ಕಂಬಳಿ, ಸೀಲಿಂಗಿಗೆ ಮೊಟ್ಟೆಯ ಟ್ರೇ, ಎಲ್ಲೆಲ್ಲೂ ರಬ್ಬರಿನ ವಾಸನೆ. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಯಾರೋ ಬರೆದಿದ್ದರು: ಉಸಿರು ಕತ್ತರಿಸಬಾರದು.

ಒಳಗೆ ಇಬ್ಬರಿದ್ದರು. ಯಂತ್ರಗಳ ಮುಂದೆ ರೆಕಾರ್ಡಿಸ್ಟ್, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಸ್ವೆಟರ್ ಹೆಣೆಯುವ ಐವತ್ತರ ಹೆಂಗಸು. ಮೂಲೆಯ ಸ್ಟೂಲಿನ ಮೇಲೆ ಉದ್ದಣ್ಣ.

ಉದ್ದಣ್ಣ ಗಿಟಾರಿನವನು. ಗೂಬೆಯ ಜೊತೆ ಸೇರಿ ತಂಡ ಕಟ್ಟಿದವನು. ಪೋಸ್ಟರಿನಲ್ಲಿ ನೋಡಿದರೆ ಮಕ್ಕಳು ಚಡ್ಡಿ ಒದ್ದೆ ಮಾಡಿಕೊಳ್ಳಬೇಕು, ಅಂಥ ಅವತಾರ. ಹಗಲಿನಲ್ಲಿ ಅವನಿಗೆ ಕನ್ನಡಕದ ಅಂಗಡಿ. ಮುದುಕರ ಮೂಗಿನ ಮೇಲೆ ಫ್ರೇಮು ಕೂರಿಸಿ, "ಈಗ ಅಕ್ಷರ ಕಾಣ್ತಿದೆಯಾ ತಾತ?" ಎಂದು ಮೆತ್ತಗೆ ಕೇಳುವ ಮನುಷ್ಯ. ಇವತ್ತೂ ಕೈಯಲ್ಲೊಂದು ಮೆತ್ತನೆ ಬಟ್ಟೆ, ಅದರಲ್ಲಿ ತನ್ನದೇ ಕನ್ನಡಕ ಒರೆಸುತ್ತಿದ್ದ.

"ಬನ್ನಿ ಮೇಡಂ. ಕಾಫಿ?"

"ಬೇಡ. ಒಂದು ಪ್ರಶ್ನೆ." ನಾನು ರೆಕಾರ್ಡಿಸ್ಟ್ ಕಡೆ ತಿರುಗಿದೆ. "ಎಂಟನೇ ಹಾಡು ಗೂಬೆ ಹಾಡಿದಾಗ ನೀವು ಇಲ್ಲಿದ್ರಾ?"

ಆಕೆ ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿದಳು. "ಇಲ್ಲ. ಏಳು ಮುಗಿಯೋಷ್ಟರಲ್ಲಿ ಅವನ ಗಂಟಲು ಕಟ್ಟಿತ್ತು. ನೀನು ಮನೆಗೆ ಹೋಗು, ಎಂಟನೇದನ್ನ ನಾವಿಬ್ಬರೇ ನೋಡ್ಕೋತೀವಿ ಅಂದ ಉದ್ದಣ್ಣ. ಮಾರನೇ ದಿನದಿಂದ ಗೂಬೆ ಪತ್ತೆ ಇಲ್ಲ."

"ಮತ್ತೆ ಆ ದನಿ ನಿಮ್ಮ ಕೈಗೆ ಸಿಕ್ಕಿದ್ದು ಯಾವಾಗ?"

"ಐದು ದಿನ ಆಯ್ತು. ಅವತ್ತೇ ಹಾಡಿದ್ದು, ಕೊಡೋಕೆ ಮನಸ್ಸಾಗಿರಲಿಲ್ಲ ಅಂದ ಇವನು. ಪಾಪ ಅಂದ್ಕೊಂಡು ಸುಮ್ಮನೆ ಮಿಕ್ಸ್ ಮಾಡ್ದೆ."

ಉದ್ದಣ್ಣನ ಕೈಯಲ್ಲಿ ಬಟ್ಟೆ ನಿಂತಿತು. ಕನ್ನಡಕ ಹಾಕಿಕೊಂಡ. ಹಾಕಿಕೊಂಡ ಮೇಲೂ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಎಂಟನೇ ಹಾಡಿನಲ್ಲಿ ಮೂಗಿನ ಸಿಳ್ಳೆ ಇಲ್ಲ," ಎಂದೆ. "ಏಳರಲ್ಲಿ ಇದೆ, ಎಂಟರಲ್ಲಿ ಇಲ್ಲ. ನೀವೇ ಮಾಡಿದ ನಿಯಮ, ಉಸಿರು ಕತ್ತರಿಸಬಾರದು ಅಂತ. ಒಂದೇ ಒಂದು ಸಲ ಕತ್ತರಿಸಿದ್ರೆ ನಾನು ಇಲ್ಲಿಗೆ ಬರ್ತಾನೇ ಇರಲಿಲ್ಲ."

ರೆಕಾರ್ಡಿಸ್ಟ್ ಹೆಣಿಗೆ ಕೆಳಗಿಟ್ಟಳು. ಬೆರಳು ಯಂತ್ರದ ಮೇಲೆ ಓಡಾಡಿತು. ಡ್ರಮ್ಮು, ಗಿಟಾರು ಎಲ್ಲ ತೆಗೆದು ಬರೀ ಗೂಬೆಯ ದನಿಯೊಂದನ್ನೇ ಬಿಟ್ಟಳು. ಖಾಲಿ ಕೋಣೆಯಲ್ಲಿ ಒಬ್ಬ ಮನುಷ್ಯ ಉಸಿರೆಳೆದುಕೊಂಡ. ನುಣುಪಾದ, ಸಲೀಸಾದ ಉಸಿರು.

"ಅಯ್ಯೋ ದೇವ್ರೇ," ಎಂದಳು ಆಕೆ. "ಹೌದಲ್ಲ. ನನ್ನ ಕಿವಿಗೇನು ಮಣ್ಣು ಬಿದ್ದಿತ್ತಾ?"

ಉದ್ದಣ್ಣ ತಲೆ ತಗ್ಗಿಸಿ ಹೇಳಿದ, "ನಾನೇ ಹಾಡಿದ್ದು."

"ಏನು?"

"ಎಂಟನೇದು ನಾನೇ ಹಾಡಿದ್ದು ಮೇಡಂ. ಅವನು ಹಾಡ್ಲಿಲ್ಲ. ಅವತ್ತು ಜಗಳ ಆಡ್ಕೊಂಡು ಎದ್ದು ಹೋದ. ಆಲ್ಬಮ್ ಅರ್ಧಕ್ಕೆ ನಿಲ್ಲಬಾರದು ಅಂತ ಅವನ ಹಾಗೇ ನಾನು ಹಾಡ್ದೆ. ತಪ್ಪಾಯ್ತು. ಜನರಿಗೆ ಮೋಸ ಮಾಡ್ದೆ. ಒಪ್ಕೋತೀನಿ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಸಣ್ಣ ತಪ್ಪನ್ನು ಮುಂದೆ ಇಟ್ಟು ದೊಡ್ಡದನ್ನು ಬೆನ್ನ ಹಿಂದೆ ಹಿಡಿದುಕೊಂಡಿರುತ್ತಾರೆ.

"ಹಾಗಾದ್ರೆ ಹಾಡಿ," ಎಂದೆ.

"ಈಗಲಾ?"

"ಮುಹೂರ್ತ ನೋಡ್ಬೇಕಾ? ಮೈಕು ಇದೆ, ನೀವಿದೀರಿ, ನಾನೂ ಇದೀನಿ. ಎಂಟನೇ ಹಾಡು, ಮೊದಲ ನಾಲ್ಕು ಸಾಲು."

ಉದ್ದಣ್ಣ ಗಾಜಿನ ಆಚೆಗಿನ ಗೂಡಿಗೆ ಹೋಗಿ ನಿಂತ. ಅಷ್ಟೆತ್ತರದ ಆಳು ಭುಜ ಕುಗ್ಗಿಸಿ, ಮೇಷ್ಟ್ರ ಮುಂದೆ ಮಗ್ಗಿ ಒಪ್ಪಿಸುವವನಂತೆ ಕೈ ಕಟ್ಟಿಕೊಂಡಿದ್ದ. ಬಾಯಿ ತೆರೆದ. ಸುಳ್ಳು ಹೇಳಬಾರದು, ಮೊದಲ ಸಾಲು ಗುರುಗುಟ್ಟಿದಾಗ ನನ್ನ ಕೈಮೇಲಿನ ಕೂದಲು ನಿಂತಿತು. ಎರಡನೇ ಸಾಲೂ ಚೆನ್ನಾಗಿತ್ತು. ಮೂರನೆಯದರ ನಡುವೆ ಅವನ ಉಸಿರು ಮುಗಿಯಿತು. ಎಳೆದುಕೊಂಡ, ಕೆಮ್ಮಿದ, ಮತ್ತೆ ಶುರುಮಾಡಿದ, ಮತ್ತೆ ಅಲ್ಲೇ ಮುಗ್ಗರಿಸಿದ. ಮೂರನೇ ಸಲಕ್ಕೆ ಗೋಡೆ ಹಿಡಿದುಕೊಂಡು ಬಾಗಿದ.

ರೆಕಾರ್ಡಿಸ್ಟ್ ಅವನನ್ನು ಕನಿಕರದಿಂದ ನೋಡಿದಳು. "ಅದರಲ್ಲಿ ನಾಲ್ಕೂ ಸಾಲು ಒಂದೇ ಉಸಿರು ಮೇಡಂ. ಈ ಊರಲ್ಲಿ ಅಷ್ಟು ದಮ್ಮು ಇರೋದು ಒಬ್ಬನಿಗೇ."

"ದನಿ?"

ಆಕೆ ಮತ್ತೆ ಹಾಕಿದಳು. ಕಣ್ಣು ಮುಚ್ಚಿ ಕೇಳಿದಳು. "ದನಿ ಗೂಬೆಯದೇ. ಸಾಲಿನ ಕೊನೇಲಿ ಸ್ವಲ್ಪ ಒಡೆಯುತ್ತೆ ನೋಡಿ, ಅದು ಯಾರಿಗೂ ಬರಲ್ಲ. ಗಂಟಲು ಅವನದೇ, ದಮ್ಮು ಅವನದೇ. ಮೂಗು ಒಂದೇ ಅವನದಲ್ಲ."

ಆಕೆ ಹೇಳಿದ್ದು ಕಿವಿಯಿಂದ ತಲೆಗೆ ಇಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇಳಿದಾಗ ನಾನು ಕುರ್ಚಿ ಹುಡುಕಿ ಕೂತೆ. ನಲವತ್ತು ವರ್ಷದಿಂದ ಡೊಂಕಾಗಿದ್ದ ಮೂಗು ತಾನಾಗಿ ನೆಟ್ಟಗಾಗುವುದಿಲ್ಲ. ಯಾರೋ ವೈದ್ಯರು ನೆಟ್ಟಗೆ ಮಾಡಬೇಕು. ಮೂಗು ಬದಲಾದರೆ ಮುಖವೇ ಬದಲಾಗುತ್ತದೆ. ಅದು ವಾಸಿಯಾಗಿ, ಮತ್ತೆ ಅಷ್ಟು ದಮ್ಮು ಕಟ್ಟಿ ಹಾಡಲು ಹತ್ತು ಹನ್ನೆರಡು ದಿನವಾದರೂ ಬೇಕು. ಅಂದರೆ ಈ ಹಾಡು ಗೂಬೆ ಕಾಣೆಯಾದ ಮೇಲೆ ಹಾಡಿದ್ದು.

ಉದ್ದಣ್ಣ ಗೂಡಿನಿಂದ ಹೊರಗೆ ಬಂದ. ನನ್ನ ಬಾಯಿಂದ ಬಹುವಚನ ಹೊರಟುಹೋಯಿತು.

"ಅವನು ಬದುಕಿದಾನೆ. ನಿನಗೆ ಗೊತ್ತಿದೆ."

"ಮೇಡಂ..."

"ಅವನ ಅಕ್ಕ ಹದಿನೆಂಟು ದಿನದಿಂದ ಅನ್ನ ನೀರು ಬಿಟ್ಟು ಕೂತಿದಾರೆ. ನಿನ್ನೆ ನಿನ್ನ ಕೋಟಿನ ತೋಳು ಸಡಿಲ ಆಗಿದೆ ಅಂತ ಅವರ ಅಂಗಡಿಗೆ ಹೋಗಿದ್ಯಲ್ಲ, ಅವರ ಮುಖ ನೋಡಿದ್ಯಾ ನೀನು? ಆ ಕೈ ಹೇಗೆ ನಡುಗುತ್ತೆ ನೋಡಿದ್ಯಾ? ನೋಡಿಯೂ ಬಾಯಿ ಹೊಲ್ಕೊಂಡು ಬಂದ್ಯಾ?"

ಅವನ ಕಣ್ಣು ತುಂಬಿಬಂತು. ಆ ಉದ್ದನೆಯ ಮನುಷ್ಯ ಸ್ಟೂಲಿನ ಮೇಲೆ ಕುಸಿದು, ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ನಾನು ತಡೆಯಲಿಲ್ಲ. ರೆಕಾರ್ಡಿಸ್ಟ್ ಒಂದು ಲೋಟ ನೀರು ತಂದು ಅವನ ಪಕ್ಕ ಇಟ್ಟಳು.

ಸ್ವಲ್ಪ ಹೊತ್ತಿನ ಮೇಲೆ ಅವನು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದ. ಅದರೊಳಗೆ ಬೆರಳುಗುರಿನಷ್ಟು ಮೆಮೊರಿ ಕಾರ್ಡು, ಜೊತೆಗೆ ಮಡಚಿದ ಒಂದು ಚೀಟಿ.

"ಐದು ದಿನದ ಹಿಂದೆ, ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಕೆಳಗೆ ಬಿದ್ದಿತ್ತು. ಅಕ್ಷರ ಅವನದೇ. ಮೂವತ್ತೊಂದು ವರ್ಷ ಅವನ ಹಾಡು ಓದಿದೀನಿ, ನನಗೆ ಗೊತ್ತಾಗಲ್ವಾ?"

ಬಿಡಿಸಿದೆ. ಎರಡೇ ಸಾಲು. 'ಇದನ್ನು ಎಂಟನೆಯದಕ್ಕೆ ಹಾಕು. ಯಾರು ಕೇಳಿದರೂ ನಾನು ಸತ್ತೆ ಎನ್ನು.'

"ಐದು ದಿನ," ಎಂದೆ. "ಸರಿಯಾಗಿ ನೆನಪಿದೆಯಾ?"

"ಇದೆ. ಅವತ್ತೇ ಇವಳಿಗೆ ಕೊಟ್ಟೆ."

"ಶವ ಸಿಕ್ಕಿದ್ದು ಮೊನ್ನೆ ಉದ್ದಣ್ಣ. ಚೀಟಿ ಅದಕ್ಕೂ ಮೂರು ದಿನ ಮುಂಚೆ ಬಂದಿದೆ. ಸತ್ತೆ ಅನ್ನು ಅಂತ ಅವನು ಬರೆದಾಗ, ಒಂದು ಹೆಣ ಸಿಗುತ್ತೆ ಅಂತ ಅವನಿಗೆ ಹೇಗೆ ಗೊತ್ತಿತ್ತು?"

ಅವನು ತಲೆಯಾಡಿಸಿದ. "ಅದೇ ಮೇಡಂ, ಅದನ್ನ ಯೋಚನೆ ಮಾಡಿ ಮಾಡಿ ತಲೆ ಕೆಟ್ಟು ಹೋಗಿದೆ. ಚೀಟಿ ಬಂದಾಗ ಖುಷಿಯಾಯ್ತು, ಎಲ್ಲೋ ಇದಾನಲ್ಲ ಅಂತ. ಮೊನ್ನೆ ಆ ಕೋಟು ನೋಡಿದ ಮೇಲೆ ಊಟ ಸೇರ್ತಿಲ್ಲ. ಅವನು ಅಂಥೋನಲ್ಲ ಮೇಡಂ. ಸ್ಟೇಜ್ ಮೇಲೆ ಏನು ಬೇಕಾದ್ರೂ ಕಿರುಚ್ತಾನೆ, ಮನೇಲಿ ಜಿರಳೆ ಹೊಡೆಯೋಕೂ ಅಕ್ಕನ್ನ ಕರೀತಾನೆ."

"ಕೊಕ್ಕೆ ಯಾರು ಹಾಕಿದ್ದು?"

"ನಾನಲ್ಲ. ನನ್ನ ಮಕ್ಕಳಾಣೆ, ನಾನಲ್ಲ. ಅವನಿಗೆ ಯಾವಾಗಲೂ ನಾನೇ ಹಾಕ್ತಿದ್ದೆ. ಅವತ್ತು ಕೋಟನ್ನ ಕೈಮೇಲೆ ಹಾಕ್ಕೊಂಡು ಒಬ್ಬನೇ ಈ ಮೆಟ್ಟಿಲು ಹತ್ತಿ ಹೋದ."

"ಯಾಕೆ ಓಡಿಹೋದ? ಯಾರಿಗೆ ಹೆದರಿ?"

"ಕೇಳ್ದೆ. ಅವತ್ತು ಹೊರಟಾಗಲೇ. ನಿನಗೆ ಗೊತ್ತಿಲ್ಲದೇ ಇರೋದೇ ಒಳ್ಳೇದು ಅಂದ. ಅಷ್ಟೇ."

ಈ ಸಲ ಅವನು ನನ್ನ ಕಣ್ಣನ್ನೇ ನೋಡುತ್ತಿದ್ದ. ನಂಬಿದೆ. ಚೀಟಿಯನ್ನು ಪರ್ಸಿಗೆ ಸೇರಿಸಿ ಗಡಿಯಾರ ನೋಡಿದೆ. ಮೂರು ಹತ್ತು. ಅಕ್ಕನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲ ಸ್ವಿಚ್ ಆಫ್.

*

ಶವಾಗಾರ ಇರುವುದು ಸರ್ಕಾರಿ ಆಸ್ಪತ್ರೆಯ ಹಿಂಭಾಗದಲ್ಲಿ. ಬಟ್ಟೆ ಒಗೆಯುವ ವಿಭಾಗ ದಾಟಿ ಹೋಗಬೇಕು. ದಾರಿಯಲ್ಲಿ ಒಂದು ಲಾರಿ ಅಡ್ಡ ಕೆಟ್ಟು ನಿಂತು ನನ್ನ ಪ್ರಾಣ ತಿಂದಿತು. ನಾನು ಕಾರಿನಿಂದ ಇಳಿದಾಗ ನಾಲ್ಕೂ ಹತ್ತು. ಹಿಂಬಾಗಿಲಿನಲ್ಲಿ ಚಿತಾಗಾರದ ಬಿಳಿ ಗಾಡಿ ನಿಂತಿತ್ತು. ಇಬ್ಬರು ಸ್ಟ್ರೆಚರನ್ನು ಅದರೊಳಕ್ಕೆ ತಳ್ಳುತ್ತಿದ್ದರು.

"ನಿಲ್ಲಿಸಿ! ನಿಲ್ಲಿಸ್ರಪ್ಪಾ!" ಎಂದು ಕೂಗುತ್ತಲೇ ಓಡಿದೆ. ಓಡಿದೆ ಅನ್ನುವುದು ದೊಡ್ಡ ಮಾತು, ಕುಂಟಿದೆ.

ಇನ್ಸ್‌ಪೆಕ್ಟರ್ ಫೈಲು ಹಿಡಿದು ಅಡ್ಡ ಬಂದ. "ಮೇಡಂ, ನಿಧಾನ. ಎಲ್ಲ ಮುಗೀತು. ಸಹಿ ಹಾಕಿದ್ರು."

"ಹಾಕಿದ್ರಾ? ನಾನು ಬರೋವರೆಗೂ ಹಾಕಬೇಡಿ ಅಂದಿದ್ದೆ."

"ಅರ್ಧ ಗಂಟೆ ಮುಂಚೇನೇ ಬಂದ್ರು. ನೋಡಿದ್ರು, ಗುರುತಿಸಿದ್ರು, ಹಾಕಿದ್ರು. ನನಗೂ ಒಂದು ಅನುಮಾನ ಇತ್ತು, ಶವದ ಎಡಗಾಲಲ್ಲಿ ಕಿರುಬೆರಳಿಲ್ಲ. ಕೇಳ್ದೆ. ಹೌದು, ನನ್ನ ತಮ್ಮನಿಗೂ ಇರಲಿಲ್ಲ, ಚಿಕ್ಕಂದಿನಲ್ಲೇ ಹೋಯ್ತು ಅಂದ್ರು. ಇನ್ನೇನು ಬೇಕು?"

"ಹತ್ತು ನಿಮಿಷ ಗಾಡಿ ನಿಲ್ಲಿಸು. ನಾನು ಹೇಳೋವರೆಗೂ ಕದಲಬಾರದು. ಇದೊಂದು ಮಾತು ನಡೆಸ್ಕೊಡು."

ಅವನು ಹಲ್ಲು ಕಚ್ಚಿದ. ಹಳೆಯ ಋಣ ಅವನಿಗೂ ನೆನಪಿತ್ತು. "ಹತ್ತೇ ನಿಮಿಷ ಮೇಡಂ," ಎಂದು ಗಾಡಿಯ ಕಡೆ ನಡೆದ.

ಅಕ್ಕ ಕಾರಿಡಾರಿನ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು, ತೆಗೆಯಲು ಮರೆತಿದ್ದರು. ಕೈ ಮಾತ್ರ ನಡುಗುತ್ತಿರಲಿಲ್ಲ.

"ಅಕ್ಕಾ, ಅವನು ಬದುಕಿದಾನೆ," ಎಂದೆ. ಏದುಸಿರು ಬಿಡುತ್ತಿದ್ದೆ. "ಅದು ಅವನಲ್ಲ. ಹಾಡು ಆಮೇಲೆ ಹಾಡಿದ್ದು. ಮೂಗು ಸರಿ ಮಾಡಿಸ್ಕೊಂಡಿದಾನೆ."

"ಗೊತ್ತು."

"ಗೊತ್ತಾ?"

"ನೀವು ಹೋಗಿ ಒಂದು ಗಂಟೆ ಆಗಿರಬೇಕು. ಅಂಗಡಿ ಫೋನಿಗೆ ಮಾಡ್ದ. ದನಿ ಬೇರೆ ಥರ ಕೇಳಿಸ್ತು. ಅಕ್ಕಾ ಅಂದ, ಅಷ್ಟೇ, ಗೊತ್ತಾಗೋಯ್ತು." ಅವರ ಮುಖದಲ್ಲಿ ಹದಿನೆಂಟು ದಿನದಲ್ಲಿ ನಾನು ಕಾಣದ ಒಂದು ಬೆಳಕು ಬಂದು ಹೋಯಿತು. "ಯಾರೋ ಹುಡುಕ್ತಿದಾರಂತೆ. ಸತ್ತ ಅಂತ ಕಾಗದದಲ್ಲಿ ಬಂದ್ರೆ ಬಿಟ್ಟುಬಿಡ್ತಾರಂತೆ. ಸಹಿ ಹಾಕಕ್ಕಾ ಅಂತ ಅತ್ತ. ಐವತ್ತೆರಡು ವರ್ಷದವನು, ಹೆದರಿಕೊಂಡು ಅತ್ತ. ನಾನು ಇನ್ನೇನು ಮಾಡ್ಲಿ?"

"ಹಾಗಾದ್ರೆ ಆ ಬೆರಳು?"

"ನನ್ನ ತಮ್ಮನಿಗೆ ಹತ್ತು ಬೆರಳೂ ಇದೆ," ಎಂದರು ಅಕ್ಕ, ಧ್ವನಿ ತಗ್ಗಿಸಿ. "ನಾನೇ ಉಗುರು ಕತ್ತರಿಸ್ತಿದ್ದೆ."

"ಅಕ್ಕಾ, ಆ ಗಾಡಿಯೊಳಗೆ ಮಲಗಿರೋನು ಯಾರು? ಅವನ ಬೆನ್ನಿಗೆ ನಿಮ್ಮ ಕೋಟು ಹಾಕಿ ಕೊಕ್ಕೆ ಬಿಗಿದವರು ಯಾರು? ಕೇಳಿದ್ರಾ ನಿಮ್ಮ ತಮ್ಮನ್ನ?"

"ಕೇಳ್ಲಿಲ್ಲ."

"ಯಾಕೆ?"

"ಹೇಳಿಬಿಟ್ರೆ?" ಎಂದು ಅವರು ನನ್ನ ಮುಖ ನೋಡಿದರು.

ಅಷ್ಟರಲ್ಲಿ ಕಾರಿಡಾರಿನ ಆ ತುದಿಯಿಂದ ಒಬ್ಬಾಕೆ ಬಂದಳು. ಮೂವತ್ತೈದು ಇರಬಹುದು. ಆಸ್ಪತ್ರೆಯ ಒಗೆಯುವ ವಿಭಾಗದ ನೀಲಿ ಏಪ್ರನ್, ಒದ್ದೆ ಮುಂಗೈ. ಇಲ್ಲಿಗೆ ಬಂದು ಅಭ್ಯಾಸವಾದವಳಂತೆ ನೇರವಾಗಿ ಗಾಜಿನ ಕಿಟಕಿಗೆ ಹೋದಳು. ಕಿಟಕಿ ಮುಚ್ಚಿತ್ತು. ನನ್ನ ಹತ್ತಿರ ಬಂದಳು.

"ಒಳಗೆ ಯಾರೂ ಇಲ್ವಾ? ಬುಧವಾರ ನಾಲ್ಕರವರೆಗೂ ಗುರುತು ಸಿಗದೇ ಇರೋರನ್ನ ತೋರಿಸ್ತಾರೆ. ಡ್ಯೂಟಿ ಬಿಟ್ಟು ಬರೋದು ಲೇಟಾಯ್ತು."

"ಯಾರನ್ನ ಹುಡುಕ್ತಿದೀರಿ?" ಎಂದೆ.

"ನಮ್ಮ ಮನೆಯವರು. ಮೂರು ವಾರ ಆಗ್ತಾ ಬಂತು." ಏಪ್ರನ್ನಿನ ಜೇಬಿನಿಂದ ಒಂದು ಫೋಟೋ ತೆಗೆದಳು. ಹೆಗಲ ಮೇಲೆ ಮಗು ಕೂರಿಸಿಕೊಂಡು ನಗುತ್ತಿದ್ದ ಒಬ್ಬ ಎತ್ತರದ ಮನುಷ್ಯ. "ಪೊಲೀಸ್ನೋರು ಎಲ್ಲೋ ಓಡಿಹೋಗಿರಬೇಕು ಅಂತಾರೆ. ಅವರು ಓಡೋರಲ್ಲ. ಓಡೋಕೂ ಆಗಲ್ಲ, ಸ್ವಲ್ಪ ಎಳೆದು ಹಾಕ್ತಾರೆ ಎಡಗಾಲು. ಕಿರುಬೆರಳಿಲ್ಲ, ಕಾರ್ಖಾನೇಲಿ ಹೋಗಿತ್ತು. ಈ ವಾರ ಯಾವುದಾದ್ರೂ ಹೊಸದು ಬಂದಿದೆಯಾ, ನಿಮಗೆ ಗೊತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಉತ್ತರ ಬಂತು.

"ಇಲ್ಲಮ್ಮ," ಎಂದರು ಅಕ್ಕ. ಕಣ್ಣು ನೆಲದ ಮೇಲಿತ್ತು. "ಈ ವಾರ ಬಂದಿದ್ದು ನನ್ನ ತಮ್ಮ ಒಬ್ಬನೇ."

ಆಕೆಯ ಮುಖ ತಕ್ಷಣ ಬದಲಾಯಿತು. ಫೋಟೋವನ್ನು ಜೇಬಿಗೆ ಸೇರಿಸಿ, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಅಕ್ಕನ ಪಕ್ಕದಲ್ಲಿ ಕೂತಳು. ಅವರ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಅಯ್ಯೋ, ಅಳ್ಬೇಡಿ ಅಮ್ಮ," ಎಂದಳು. "ನಿಮಗೆ ಸಿಕ್ಕಿದ್ರಲ್ಲ, ಕಣ್ಣಾರೆ ನೋಡಿ ಕಳಿಸಿಕೊಡ್ತೀರಲ್ಲ. ನನಗೆ ಅಷ್ಟೂ ಇಲ್ಲ ನೋಡಿ."

ಅಕ್ಕ ಅಳುತ್ತಿರಲಿಲ್ಲ. ಈಗ ಶುರುಮಾಡಿದರು. ಆ ಹೆಂಗಸಿನ ತಲೆಯ ಮೇಲಿಂದ ನನ್ನನ್ನು ನೋಡಿ, ಬೇಡ ಎಂಬಂತೆ ಮೆಲ್ಲಗೆ ತಲೆಯಾಡಿಸಿದರು.

ಹಿಂಬಾಗಿಲ ಕಡೆ ಗಾಡಿಯ ಇಂಜಿನ್ ಶುರುವಾಯಿತು. ಇನ್ಸ್‌ಪೆಕ್ಟರ್ ಬಾಗಿಲಲ್ಲಿ ಕಾಣಿಸಿಕೊಂಡು, ಕೈಗಡಿಯಾರ ತಟ್ಟಿ ತೋರಿಸಿದ.

"ಹತ್ತು ನಿಮಿಷ ಆಯ್ತು ಮೇಡಂ. ಏನ್ ಹೇಳ್ತೀರಿ, ಬಿಡ್ಲಾ?"